ಸಾಕು

ಮೂರು ದಿನ ಆತು, ಮಗಳು ತುಂಬುತೋಳು ಬಿಚ್ಚವಲ್ಲಳು
ಏಪ್ರಿಲ್ ತಿಂಗಳ ಬಿಜಾಪುರದಾಗ.
ಡ್ಯೂಟಿಗಾದರ ಖಾಕಿ ಅಂಗಿ, ಸರಿ.
ಮನ್ಯಾಗೂ?
ಫ್ಯಾನಿನ ಕೆಳಗ ಕುಂತು ಬೆವರತಾಳ,
ತೋಳಿನ ಗುಂಡಿ ಮಾತ್ರ ಮುಟ್ಟಂಗಿಲ್ಲ.

ನಾಕನೇ ದಿನ ಹಿಟ್ಟು ನಾದಾಕ ಕುಂತಾಗ
ತೋಳು ಏರಿಸಲೇಬೇಕಾತು.
ಅವರವ್ವ ಗ್ಯಾಸಿನ ಮುಂದಿಂದ ಬಂದು
ಮಣಿಕಟ್ಟು ಹಿಡಿದು ಕಿಡಕಿ ಕಡೆ ತಿರುವಿದ್ಲು.
ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿತು.

"ಏನ ಬರಸ್ಕೊಂಡಾಳ ಓದ್ರಿ, ನಿಮಗ ಬರತೈತಲ್ಲ"
ಅಂತ ಆ ಕೈ ನನ್ನ ಮುಂದ ಹಿಡಿದ್ಲು,
ಹಿಟ್ಟು ಮೆತ್ತಿದ ಕೈ,
ಕರೆಂಟ್ ಬಿಲ್ಲು ಓದಸಾಕ ಕೊಟ್ಟಂಗ.

ಓದಿದ್ನಿ.
ಎರಡ ಅಕ್ಷರ.
ಸಾಕು.

"ಯಾರಿಗೆ ಸಾಕು?" ಬಂಗಾರೆವ್ವನ ದನಿ ಏರಿತು.
"ಸಾಕಿದವರ ಸಾಕಾದ್ವೇನ ನಿನಗ?"
ಮಗಳು ಹಿಟ್ಟಿನ ಕಡೆ ನೋಡಿದ್ಲು.
ಹಿಟ್ಟು ಏನ ಹೇಳೀತು.

ನಮ್ಮವ್ವಗೂ ಹಚ್ಚಿ ಇತ್ತು, ಗದ್ದದ ಮ್ಯಾಲ ಮೂರು ಚುಕ್ಕಿ.
ಅದು ನೋಡೂದಿತ್ತು, ಓದೂದಿರಲಿಲ್ಲ.
ಓದೂದು ಬ್ಯಾರೆ ತ್ರಾಸು.

ಮೂವತ್ತೊಂದು ವರ್ಷ
ಈ ಊರಿನ ಗ್ವಾಡಿ ಮ್ಯಾಲ ಬರದಾವ ನಾನು:
ಹಲ್ಲಿನ ದವಾಖಾನಿ, ಬೀಜ ಗೊಬ್ಬರ,
ಹತ್ತನೇ ಕ್ಲಾಸಿನ ಟ್ಯೂಶನ್, ಮೂರು ಚುನಾವಣೆ,
ಇಲ್ಲಿ ಮೂತ್ರ ಮಾಡಬಾರದು.
ಬರದದ್ದರ ಕೆಳಗ ನಿಂತ ಮಾಡತಿದ್ರು, ಅದಿರಲಿ.
ಸುಣ್ಣ ಬಳದ್ರು, ಗ್ವಾಡಿ ಕೆಡವಿದ್ರು, ಆಮ್ಯಾಲ ಫ್ಲೆಕ್ಸ್ ಬಂತು.
ಶಾಪೇಟಿಯೊಳಗ ಒಂದ ಅರ್ಧ "ಕಿರಾಣಿ" ಉಳದಿತ್ತು ಹೋದ ವರ್ಷ.
ಈಗ ಅದೂ ಇಲ್ಲ.

ತಪ್ಪಿದರ ಸೀಮೆಎಣ್ಣಿ ಅದ್ದಿದ ಅರಿವಿ ಇರತಿತ್ತು ಹೆಗಲ ಮ್ಯಾಲ.
ಒಂದ ಸಲ ಒರಸಿದರ
ಗ್ವಾಡಿಗೆ ನೆನಪಿರತಿರಲಿಲ್ಲ.

ಕೈ ತಾನ ಹೆಗಲಿಗೆ ಹೋತು ಅವತ್ತು.
ಅರಿವಿ ಇಲ್ಲ.
ಇದ್ದಿದ್ರೂ ಅದು ಆ ನಮೂನಿ ಬಣ್ಣ ಅಲ್ಲ.
ಮತ್ತ ಈ ಗ್ವಾಡಿ
ನಮ್ಮದಂತ ತಿಳಕೊಂಡಿದ್ವಿ ಇಪ್ಪತ್ತೇಳು ವರ್ಷ.

"ಎಲ್ಲಿ ಹಾಕಿಸಿದಿ?"
"ಸೊಲ್ಲಾಪುರದಾಗ, ವೀಕ್ಲಿ ಆಫ್ ದಿನ."
"ಎಷ್ಟು ತಗೊಂಡ?"
"ಹದಿನೈದುನೂರು."
ಎರಡ ಅಕ್ಷರಕ್ಕ!
ಅಷ್ಟಕ್ಕ ನಾನು ಪೂರಾ ಒಂದ ಶಟರ್ ಬರದು ಕೊಡತಿದ್ನಿ.

"ಅವಗ ಕನ್ನಡ ಬರಂಗಿಲ್ಲಪ್ಪಾ.
ನಾನ ಹಾಳ್ಯಾಗ ಬರದು ಕೊಟ್ಟೀನಿ."

ಮತ್ತೊಮ್ಮೆ ನೋಡಿದ್ನಿ, ಚಾಳೀಸು ಹಾಕ್ಕೊಂಡು.
ಸುತ್ತಲೂ ಇನ್ನೂ ಕೆಂಪಗ ಉಬ್ಬೈತಿ.
ಕೊಂಬು ಸಣ್ಣದಾಗೈತಿ.
ದೀರ್ಘ ಮಾತ್ರ ಉದ್ದಕ ಎಳದು
ಕೊನಿಗೆ ಒಂಚೂರು ಮ್ಯಾಲ ಎತ್ಯಾಳ,
ಬೋರ್ಡಿನೊಳಗ ಜಾಗ ಉಳದರ
ನಾ ಎತ್ತತಿದ್ದಂಗ.
ಅದನ್ನ ನಾ ಬಾಯಿಬಿಟ್ಟು ಹೇಳಲಿಲ್ಲ.

ಯಾರಿಗೆ ಬರದದ್ದು ಅಂತನೂ ಕೇಳಲಿಲ್ಲ.
ಸಿಂದಗಿ ಬಸ್ಸಿನ ಗದ್ದಲದಾಗ
ಮೈಮ್ಯಾಲ ಬಂದು ನಿಂದರವರಿಗೋ,
ಸಂಕ್ರಾಂತಿ ಮುಂದ ಇಂಡಿಯಿಂದ ಬಂದು
"ಮದುವಿ ಆದಮ್ಯಾಲ ನೌಕರಿ ಯಾಕ" ಅಂದವರಿಗೋ.
ಅವತ್ತು ಅಕಿ ಕುಡದ ಚಾದ ಕಪ್ಪು ಎತ್ತಕೊಂಡು ಒಳಗ ಹೋದಕಿ
ಹೊರಗ ಬರಲೇ ಇಲ್ಲ.
ನಾವು ಬಾಗಿಲದ ಹೊರಗ ನಿಂತು
ಅವರ ಪರವಾಗಿ ಎಷ್ಟೊತ್ತು ಮಾತಾಡಿದ್ವಿ.

ನಮಗ ಅಲ್ಲ ಅಂತ ಹೆಂಗ ಹೇಳಲಿ.

ರಾತ್ರಿ ಊಟಕ್ಕ ಕುಂತಾಗ ಮನಿ ತುಂಬ
ಬರೇ ಫ್ಯಾನಿನ ಸಪ್ಪಳ.
ಬಂಗಾರೆವ್ವ ನೀಡತಾಳ, ಮಾರಿ ನೋಡವಲ್ಲಳು.
ಎರಡು ರೊಟ್ಟಿ ಆದಮ್ಯಾಲ ಮಗಳು
ತಾಟಿನ ಮ್ಯಾಲ ಕೈ ಅಡ್ಡ ಹಿಡಿದ್ಲು,
ಮೂರು ವರ್ಷದಕಿ ಇದ್ದಾಗಿಂದ ಹಿಡಿಯೂ ಹಂಗ,
ಅಂಗೈ ಮ್ಯಾಲ ಮಾಡಿ.
ಬಾಯಿಲೆ ಅನ್ನೂ ಕಾರಣ ಈಗ ಇಲ್ಲ.

ಓದಾಕ ಬರದಕಿ ಓದಿದ್ಲು.
ಬುಟ್ಟಿಯೊಳಗಿನ ರೊಟ್ಟಿ ಎತ್ತಿ ಎತ್ತಿ ನೋಡಿ
ಬಿಸಿದು ಬಿಟ್ಟು
ತಳದಾಗಿನ ಆರಿದ್ದೊಂದು ತಗದು
ಆ ಎರಡಕ್ಷರದ ಮ್ಯಾಲ ಇಟ್ಟು
ಒಳಗ ಹೋದ್ಲು.