ಪಲ್ಲಿ ಪಲ್ಲಿ

ನನ್ನನ್ನು ಹೊರಗಿಟ್ಟ ಸಾಲು ಟೆಂಡರಿನ ಮೂವತ್ತೊಂದನೆಯ ಪುಟದಲ್ಲಿತ್ತು:
ಏಳು ವರ್ಷದೊಳಗೆ ಇಂಥದೇ ಒಂದು ಸೇತುವೆ ಕಟ್ಟಿರಬೇಕು,
ನೂರೈವತ್ತು ಕೋಟಿಗೆ ಕಡಿಮೆಯಾಗಬಾರದು.
ಅಳಿಯ ಓದಿ ಹೇಳಿದ. ನಾನು ಕಲಿತದ್ದು ಕನ್ನಡ ಶಾಲೆ.

ನಾನು ಕಟ್ಟಿದ್ದು ಹದಿನೇಳು ಮೋರಿ,
ಎರಡು ಶಾಲೆಗೆ ಪಾಗಾರ,
ಬಂದ್ಯೋಡಿನ ಹತ್ತಿರ ಒಂದು ಕಾಲುಸಂಕ.
ಸಂಕದ ಕೊನೇ ಬಿಲ್ಲು ಇನ್ನೂ ಬರಲಿಕ್ಕುಂಟು.

ಶಿರಿಯಾ ಹೊಳೆ ಕೊರಿಯಾದವರಿಗೆ ಹೋಯಿತು.
ಕುಂಬಳೆಯ ಚಾದಂಗಡಿಯಲ್ಲಿ ಬಾಬಣ್ಣ ಗಟ್ಟಿ ಮೇಜು ಕುಟ್ಟಿದ:
"ಹೊಳೆ ನಮ್ಮದು, ಹೊಯಿಗೆ ನಮ್ಮದು, ಜಲ್ಲಿ ನಮ್ಮದು,
ಲಾಭ ಮಾತ್ರ ಕಡಲು ದಾಟಬೇಕಾ ಮೂಸಚ್ಚಾ?"
ಮನವಿ ಬರೆದರು. ಮೂರನೆಯ ಸಹಿ ನನ್ನದು.
ಪೆನ್ನು ಒಂದು ಗಳಿಗೆ ನಿಂತದ್ದನ್ನು ಯಾರೂ ನೋಡಲಿಲ್ಲ.

ತೊಂಬತ್ತಮೂರು. ಸೊಹಾರಿನ ರಸ್ತೆ.
ಕಂಪನಿ ಕೊರಿಯಾದ್ದು, ಸರಳು ಕಟ್ಟುವವರು ನಾವು,
ಮಂಜೇಶ್ವರದಿಂದ ಚೆರ್ವತ್ತೂರಿನವರೆಗಿನ ನಲವತ್ತು ಜನ.
"ಪಲ್ಲಿ! ಪಲ್ಲಿ!" ಎಂದು ಬೊಬ್ಬೆ ಹಾಕುತ್ತಿದ್ದ ಫೋರ್‌ಮನ್ ಚೊ.
ಮೊದಲ ವಾರ, ಪಾಪ, ಪಳ್ಳಿ ಕೇಳುತ್ತಿದ್ದಾನೆಂದು
ಗುಮ್ಮಟದ ಕಡೆಗೆ ಕೈ ತೋರಿಸಿದೆವು.
ಬೇಗ ಬೇಗ ಅನ್ನುವುದಂತೆ ಅದು.
ಸಂಬಳ ಕಡಿದಾಗ ಅರ್ಥವಾಯಿತು.

ಬೇಲಿಯಾಚೆ ದಿನಾ ಒಬ್ಬ ಒಮಾನಿ ಬಂದು ನಿಲ್ಲುತ್ತಿದ್ದ,
ಬಿಳಿ ನಿಲುವಂಗಿ, ಕೈಯಲ್ಲೊಂದು ಟೇಪು.
ಅವನದೂ ಕಂಪನಿಯಂತೆ, ಒಂದು ಮಿಕ್ಸರು, ಇಬ್ಬರು ಗಂಡುಮಕ್ಕಳು.
ನಾವು ಊಟಕ್ಕೆ ಕೂತಾಗ ಒಳಗೆ ಬಂದು
ಕಂಬದಿಂದ ಕಂಬಕ್ಕೆ ಅಳೆಯುತ್ತಿದ್ದ,
ತಪ್ಪು ಹಿಡಿಯಲಿಕ್ಕೋ, ಕಲಿಯಲಿಕ್ಕೋ.
ಕುಬ್ಬೂಸು ಬಾಯಿಯಲ್ಲಿಟ್ಟುಕೊಂಡೇ ನಗುತ್ತಿದ್ದೆವು.
ಅವನ ಲೆಕ್ಕದಲ್ಲಿ
ನಾನೂ ಕೊರಿಯಾದವನೇ.

ಮನವಿ ಯಾವ ಕಡತದಲ್ಲಿ ಮಲಗಿದೆಯೋ.
ಕೆಲಸ ಮಾತ್ರ ಕೊರಿಯಾದಿಂದ ಹೈದರಾಬಾದಿಗೆ,
ಹೈದರಾಬಾದಿನಿಂದ ಕೊಚ್ಚಿಗೆ, ಅಲ್ಲಿಂದ ಪಯ್ಯನ್ನೂರಿನ ಒಬ್ಬನಿಗೆ,
ಒಬ್ಬೊಬ್ಬರ ಕೈಯಲ್ಲೂ ಒಂದಿಷ್ಟು ಸೋರಿ
ನನ್ನ ಅಂಗಳಕ್ಕೆ ಬಂದು ಮುಟ್ಟಿತು:
ಸೇತುವೆಯ ಬದಿಯಿಂದ ಹೊಳೆಗಿಳಿಯುವ ಮೆಟ್ಟಿಲು.
ಇಪ್ಪತ್ತಾರು.

ಬೇಡ ಅನ್ನಬಹುದಿತ್ತು.
ಬಾಬಣ್ಣ ಗಟ್ಟಿಯ ಟಿಪ್ಪರು ಆಗಲೇ ಅವರಿಗೆ ಜಲ್ಲಿ ಹೊಡೆಯುತ್ತಿತ್ತು.

ನಿನ್ನೆ ಮೋಡ ಕಪ್ಪಾಗಿತ್ತು, ಕಾಂಕ್ರೀಟು ಹಸಿ.
ನನ್ನ ಬಾಯಿಯಿಂದ ತಾನಾಗಿ ಹೊರಟಿತು, ಮೂವತ್ತು ವರ್ಷದ ಮೇಲೆ:
"ಪಲ್ಲಿ! ಪಲ್ಲಿ!"
ಮಾಲ್ಡಾದ ಹುಡುಗ ಬಾಣಲೆ ಇಳಿಸಿ ನನ್ನ ಮುಖ ನೋಡಿದ.
ಅವನ ಬಂಗಾಳಿಯಲ್ಲಿ ಹಾಗೆಂದರೆ ಹಳ್ಳಿಯಂತೆ.
"ಯಾವ ಹಳ್ಳಿ ಅಂತ ಕೇಳಿದಿರಾ ಸೇಟ್?"
ಕೇಳಿಲ್ಲ ಅನ್ನುವ ಮೊದಲೇ ಹೇಳತೊಡಗಿದ,
ನದಿ ಕೊರೆದು ಕೊರೆದು ಅರ್ಧ ಉಳಿದ ಒಂದು ಹೆಸರು.

ಕೇಳುತ್ತಾ ನಿಂತೆ.
ಹದಿನಾಲ್ಕನೆಯ ಮೆಟ್ಟಿಲು ಅರ್ಧ ಇಂಚು ಓರೆಯಾಗಿ ಗಟ್ಟಿಯಾಯಿತು.
ಬೇಲಿಯಾಚೆ ಟೇಪು ಹಿಡಿದು ಯಾರಾದರೂ ಇದ್ದಾರೋ ಎಂದು
ಒಮ್ಮೆ ತಿರುಗಿ ನೋಡಿದೆ.