ಕರ್ಮಪದ

ಹಲ್ ಬಂದರಿನ ಹೆಸ್ಲ್ ರಸ್ತೆ. ಪ್ರಾರ್ಥನಾಮಂದಿರದ ಹಿಂದಿನ ಕೋಣೆ.
ಬೆಳಗ್ಗೆ ಅಲ್ಲಿ ಶಿಶುವಿಹಾರ, ಹಾಗಾಗಿ
ಮಂಗಳವಾರ ಸಂಜೆ ನನ್ನ ಮುಂದೆ ಕೂರುವ ದೊಡ್ಡವರಿಗೆಲ್ಲ
ಮೊಣಕಾಲು ಗದ್ದಕ್ಕೆ ತಾಗುವ ಕುಳ್ಳ ಕುರ್ಚಿಗಳು.

ಮೊದಲ ವಾರ ಮೇಕ್ ಮತ್ತು ಡೂ.
ಹೋಟೆಲಿನಲ್ಲಿ ದಿನಕ್ಕೆ ಹದಿನಾರು ಕೋಣೆ ಒಪ್ಪಮಾಡುವ ಯುರ್ಗಿತಾ
ಕೈಯೆತ್ತಿದಳು:
"ಮಂಚ ಮಾಡಿದವನು ಬಡಗಿ. ನಾನು ಬರೀ ಹೊದಿಕೆ ಎಳೆಯುವವಳು.
ಆದರೂ ಹಾಸಿಗೆಯನ್ನು ನಾನೇ ಮೇಕ್ ಮಾಡಬೇಕೆ?
ಪಾತ್ರೆಗೆ ಮಾತ್ರ ಡೂ ಸಾಕೆ?"
ಹೌದು ಎಂದೆ. ಯಾಕೆ ಎಂದಳು.
ಮೂವತ್ತು ವರ್ಷದಿಂದ ಈ ಯಾಕೆಗೆ
ಕೆಮ್ಮುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ.

ಆಮೇಲೆ ಬಾರೋ, ಲೆಂಡ್.
ಕೊಟ್ಟವನದು ಲೆಂಡ್, ಇಸಕೊಂಡವನದು ಬಾರೋ.
ಬೋರ್ಡಿನ ಮೇಲೆ ಎರಡು ಕೈ ಬರೆದೆ, ನಡುವೆ ಒಂದು ಛತ್ರಿ.
"ಒಂದೇ ಛತ್ರಿ, ಒಂದೇ ಮಳೆ. ಎರಡು ಪದ ಯಾಕೆ?" ಸೆನ್‌ಹಿತ್.
ವಾಪಸ್ಸು ಯಾರು ಕೊಡಬೇಕೆಂದು ಗೊತ್ತಾಗಲಿಕ್ಕೆ, ಎಂದೆ.
ಉತ್ತರ ಹಿಡಿಸಿತು ಅವಳಿಗೆ;
ಬಾಡಿಗೆ ಮನೆಯ ಮುಂಗಡ ಕಳಕೊಂಡವಳು.
ಅಷ್ಟರಲ್ಲಿ ಬಾಗಿಲಿಂದ ತಲೆ ಹಾಕಿದ ವಿಲ್ಫ್,
ಈ ಕಟ್ಟಡದ ಬೀಗದಕೈ ಕಾಯುವವನು, ಹುಟ್ಟಿ ಬೆಳೆದದ್ದು ಇದೇ ಬೀದಿ:
"ಟೀಚರ್, ನಿಮ್ಮ ಏಣಿ ಲೆಂಡ್ ಮಾಡಲೇ?"
ಇಡೀ ತರಗತಿ ಒಕ್ಕೊರಲಿನಲ್ಲಿ: "ಬಾರೋ!"
ಪಾಪ, ಹೆದರಿ ಬಾಗಿಲೆಳೆದುಕೊಂಡು ಹೋದ,
ಏಣಿ ಬಿಟ್ಟು.

ನವೆಂಬರಿನಲ್ಲಿ ಲೈ ಮತ್ತು ಲೇ,
ಪ್ರತಿ ವರ್ಷ ನಾನು ಮುಂದೂಡುವ ಪಾಠ.
ಲೈ ಎಂದರೆ ಮಲಗು. ಲೇ ಎಂದರೆ ಮಲಗಿಸು.
ಮಲಗುವುದಕ್ಕೆ ಒಬ್ಬರು ಸಾಕು.
ಮಲಗಿಸುವುದಕ್ಕೆ ಒಬ್ಬರ ಕೈ ಬೇಕು, ಇನ್ನೊಬ್ಬರ ಮೈ ಬೇಕು.
ಆ ಇನ್ನೊಬ್ಬರೇ ಕರ್ಮಪದ;
ಲೇ ಎಂಬುದು ಕರ್ಮವಿಲ್ಲದೆ ನಿಲ್ಲದು.
ಇಷ್ಟಕ್ಕೇ ಬಿಡಬಹುದಿತ್ತು. ಆದರೆ
ಲೈ ಒಂದು ರಾತ್ರಿ ಕಳೆದು ನಿನ್ನೆಯಾದರೆ
ಲೇ ಆಗಿ ಏಳುತ್ತದೆ. ಸಾಲದ್ದಕ್ಕೆ
ಸುಳ್ಳು ಹೇಳುವುದೂ ಲೈ.
"ಮಲಗಿದವರು ಸುಳ್ಳು ಹೇಳುತ್ತಾರಾ?" ಯುರ್ಗಿತಾ.
"ಹೋಟೆಲಿನಲ್ಲಿ ಹೌದು." ತಾನೇ ಉತ್ತರಿಸಿ ತಾನೇ ನಕ್ಕಳು.

ರೆಬ್ವಾರ್ ನಗಲಿಲ್ಲ.
ದಿನವಿಡೀ ಕತ್ತರಿ ಆಡಿಸುವ ಬೆರಳುಗಳಲ್ಲಿ
ನನ್ನ ಪೆನ್ನು ಹಿಡಿದು, ಬಾರೋ ಮಾಡಿಕೊಂಡದ್ದು,
ನಿಧಾನ ಕೇಳಿದ:
"ನನ್ನ ತಮ್ಮ. ರಾತ್ರಿ. ರಬ್ಬರ್ ದೋಣಿ.
ಅವನು ಲೈ, ಅಥವಾ ಲೇ?"

ಹೀಟರು ಟಿಕ್ ಟಿಕ್ ಅನ್ನುತ್ತಿತ್ತು.
ನಿಯಮ ಹೇಳಿದೆ. ನಿಯಮ ಬಿಟ್ಟರೆ ನನ್ನ ಹತ್ತಿರ ಏನಿತ್ತು?
ಯಾರಾದರೂ ಮಲಗಿಸಿದ್ದರೆ ಲೇ.
"ಯಾರೂ ಇರಲಿಲ್ಲ."
ಹಾಗಾದರೆ ಲೈ.
ಅವನೇ ಎದ್ದು ಬೋರ್ಡಿನ ಮೇಲೆ ಬರೆದ, ಎಡದಿಂದ ಬಲಕ್ಕೆ
ಇನ್ನೂ ಪೂರಾ ಒಗ್ಗದ ಕೈಯಲ್ಲಿ:
ಮೈ ಬ್ರದರ್ ಲೈಸ್ ಇನ್ ದಿ ಸೀ.
ಕಾಗುಣಿತ ಸರಿ. ಕ್ರಿಯಾಪದ ಸರಿ.
ಭೇಷ್ ಅನ್ನಬೇಕಿತ್ತು ನಾನು.

ಎಂಟಕ್ಕೆ ವಿಲ್ಫ್ ಬಂದ, ಬೋರ್ಡು ಒರೆಸುವ ಬಟ್ಟೆ ಹಿಡಿದು.
ಓದಿದ. ತುಟಿಯಾಡಿಸುತ್ತ ಮತ್ತೊಮ್ಮೆ ಓದಿದ.
"ನಮ್ಮಪ್ಪನೂ," ಎಂದ. "ಐಸ್‌ಲ್ಯಾಂಡಿನ ಆಚೆ, ಟ್ರಾಲರ್ ಸಮೇತ.
ನನಗಾಗ ಆರು ವರ್ಷ. ಹೀ ಈಸ್ ಲೇಡ್ ದೇರ್ ಸ್ಟಿಲ್."

ಲೇಡ್. ಈ ಬೀದಿಯವರು ಅನ್ನುವುದೇ ಹಾಗೆ;
ಸೋಫಾದ ಮೇಲಿನ ಬೆಕ್ಕು, ಹಾಸಿಗೆ ಹಿಡಿದ ಅಜ್ಜಿ, ಎಲ್ಲರೂ ಲೇಡ್.
ನನ್ನ ಕೆಂಪು ಶಾಯಿಗೆ ಅದು ಅಪ್ಪಟ ತಪ್ಪು.
ಆದರೆ ರೆಬ್ವಾರ್ ತಲೆಯೆತ್ತಿದ್ದ.
ಮಲಗಿಸಿದೆ ಎಂದರೆ
ಮಲಗಿಸಿದ್ದು ಒಂದು ಇತ್ತಲ್ಲ,
ನೀರೋ ಕತ್ತಲೋ,
ಕುತ್ತಿಗೆಯ ಕೆಳಗೆ ಕೈ ಕೊಟ್ಟದ್ದು.
ಬಟ್ಟೆ ಇಸಕೊಂಡು ಒಂದೇ ಪದ ಒರೆಸಿದ.
ವಿಲ್ಫನನ್ನು ಕೇಳಿ ಕೇಳಿ ಅಕ್ಷರ ಜೋಡಿಸಿದ.
ಎಲ್. ಎ. ಐ. ಡಿ.

ಪರೀಕ್ಷೆ ಡಿಸೆಂಬರ್ ಹತ್ತಕ್ಕೆ.
ಆ ಪ್ರಶ್ನೆ ಬಂದೇ ಬರುತ್ತದೆ, ಒಂದು ಅಂಕ.
ಹೋಗುತ್ತದೆ. ಹೋಗಲಿ.
ನನ್ನ ಪೆನ್ನೂ ಹೋಯಿತು, ಅವನ ಜೇಬಿನಲ್ಲಿ.
ಬಾರೋ ಆಗಿತ್ತು ಅದು;
ಈಗ ಯಾವ ಕ್ರಿಯಾಪದವೋ.