ಕೈಗವಸಿನ ಸುತ್ತ ಗೆರೆ

ಗಂಟೆಗೆ ಒಂಬತ್ತು ಡಾಲರು. ಫ್ರಿಜ್ಜಿನ ಮೇಲೆ
ರೋನಾಳ ಚೀಟಿ: ಟೀವಿ ಬೇಡ. ಎಂಟಕ್ಕೆ ಹಲ್ಲುಜ್ಜಿಸು.
ಕ್ಯಾಲಮ್ ಅತ್ತರೆ ಅಳಲಿ ಬಿಡು, ತಾನೇ ನಿಲ್ಲಿಸುತ್ತಾನೆ.
ಕೆಳಗೆ, ಬೇರೆ ಪೆನ್ನಿನಲ್ಲಿ: ಥ್ಯಾಂಕ್ಸ್, ಎಫಿ.

ನನಗೆ ಹದಿನಾರು. ಗ್ಲೇಸ್ ಬೇಯ ನವೆಂಬರಿಗೆ
ಐದಕ್ಕೇ ಕತ್ತಲು. ಗಣಿ ಮುಚ್ಚಿದ ಮೇಲೆ
ಈ ಬೀದಿಯ ಗಂಡಸರು ಆಲ್ಬರ್ಟಾದ ಎಣ್ಣೆಗೆ ವಿಮಾನ ಹತ್ತುತ್ತಾರೆ,
ಇಪ್ಪತ್ತೊಂದು ದಿನ ಅಲ್ಲಿ, ಏಳು ದಿನ ಇಲ್ಲಿ.
ಇಲ್ಲಿಯ ಮಕ್ಕಳು ಮಗ್ಗಿ ಕಲಿಯುವುದು ಹಾಗೆ.

ಆಲೂಗಡ್ಡೆಯಲ್ಲಿ ಅಚ್ಚು ಕೊರೆದೆವು.
ಮೀನು ಅಂದುಕೊಂಡದ್ದು ಚಪ್ಪಲಿಯಾಯಿತು.
ಉಪ್ಪು ಹಾಕಿ ಹಿಟ್ಟು ನಾದಿದೆವು, ಅರ್ಧ ಕ್ಯಾಲಮ್ ತಿಂದ.
ಸೋಫಾದ ದಿಂಬೆಲ್ಲ ಹಡಗು, ಊನಾ ಕ್ಯಾಪ್ಟನ್,
ನಾನು ಆಟಕ್ಕುಂಟು ಲೆಕ್ಕಕ್ಕಿಲ್ಲ.
ಹಡಗು ಮುಳುಗಿತು. ಗಡಿಯಾರ ನೋಡಿದರೆ
ಇನ್ನೂ ಏಳಾಗಿಲ್ಲ.

ಆಗ ಬಿಚ್ಚಿದೆ, ಮಾಂಸದಂಗಡಿಯವನು ಕೊಟ್ಟ
ಕಂದು ಕಾಗದದ ಸುರುಳಿ.
ಮಲಗು, ಅಂದೆ. ಊನಾಳ ಸುತ್ತ ಗೆರೆ ಎಳೆದೆ,
ಕಂಕುಳ ಹತ್ತಿರ ಬಂದಾಗ ಪೆನ್ಸಿಲ್ಲಿಗೂ ನಗು.
ಕ್ಯಾಲಮ್ ಎಷ್ಟು ಹೊರಳಾಡಿದನೆಂದರೆ
ಅವನ ಗೆರೆಗೆ ಮೂರು ಕಾಲು.

ಈಗ ಅಪ್ಪ, ಅಂದ.

ಅಪ್ಪ ಇಲ್ಲವಲ್ಲೋ, ಅಂದಳು ಊನಾ, ಕಡ್ಡಿ ಮುರಿದ ಹಾಗೆ.
ಆಮೇಲೆ ತಾನೇ ಎದ್ದು ಫ್ರಿಜ್ಜಿನ ಮುಂದೆ ನಿಂತು
ಅಳೆದಳು: ಇಷ್ಟು, ಅದರ ಮೇಲೆ ಒಂದು ಬ್ರೆಡ್ಡು.

ಹಿತ್ತಿಲ ಬಾಗಿಲಿಂದ ಅವನ ಬೂಟು ತಂದೆವು,
ಪಾದಗಳಾದವು. ಸೂಪಿನ ಪಾತ್ರೆಯ ಮುಚ್ಚಳ, ತಲೆ.
ಭುಜ ಎಷ್ಟಗಲ? ಕ್ಯಾಲಮ್ ಕಣ್ಣು ಮುಚ್ಚಿ
ಗಾಳಿಯನ್ನು ಎರಡೂ ತೋಳಲ್ಲಿ ತಬ್ಬಿದ,
ಹಾಗೇ ನಿಂತ, ನಾನು ಅಳೆದು ಮುಗಿಸುವ ತನಕ.
ತೋಳಿನ ವಿಷಯಕ್ಕೆ ಜಗಳ ಬಿತ್ತು.
ಹಾಕಿ ನೋಡುವಾಗ ಕೈ ಕಟ್ಟಿಕೊಂಡಿರುತ್ತಾನೆ, ಅಂದಳು ಅವಳು.
ಇಲ್ಲ, ಹೀಗೆ, ಅಂದ ಇವನು. ಅಗಲಿಸಿದ.
ಗೆದ್ದ.

ಅಂಗೈಗೆ, ಮೊಳೆಗೆ ತೂಗಿದ್ದ ಚರ್ಮದ ಕೈಗವಸು.
ಒಂದೊಂದೇ ಬೆರಳ ಸುತ್ತ ಊನಾ ನಿಧಾನ ಗೆರೆ ಎಳೆದಳು,
ಉಸಿರು ಹಿಡಿದು, ನಾಲಿಗೆ ಕಚ್ಚಿ.
ಹೊಟ್ಟೆಗೆ ಮ್ಯಾಕರೋನಿ ಅಂಟಿಸಿದೆವು,
ಗಡ್ಡಕ್ಕೆ ನನ್ನ ಮಫ್ಲರಿನ ನೂಲು.
ಎದೆಗೆ ಏನು ಅಂತ ಯಾರಿಗೂ ಹೊಳೆಯಲಿಲ್ಲ.
ಒಂದು ಗುಂಡಿ ಇಟ್ಟೆವು, ನೀಲಿ, ನಾಲ್ಕು ತೂತಿನದು.

ಹಲ್ಲುಜ್ಜಿಸಿದ್ದು ಒಂಬತ್ತಕ್ಕೆ.
ಕ್ಯಾಲಮ್ ಹಾಸಿಗೆಗೆ ಬರಲಿಲ್ಲ. ಕಾಗದದ ಕಂಕುಳಲ್ಲಿ
ಮುದುರಿ ಮಲಗಿದ. ಮ್ಯಾಕರೋನಿ ಒಂದು ಕೆನ್ನೆಗೆ ಅಂಟಿತ್ತು.
ಹೊದಿಕೆ ಹಾಕಿ ಬಿಟ್ಟೆ.

ಹನ್ನೊಂದೂವರೆಗೆ ರೋನಾ. ಆಸ್ಪತ್ರೆಯ ಲಾಂಡ್ರಿಯ ಸಮವಸ್ತ್ರ,
ಬ್ಲೀಚಿನ ವಾಸನೆ. ಬೈಯುತ್ತಾಳೆ ಅಂದುಕೊಂಡೆ.
ಕೋಟು ಬಿಚ್ಚದೆ ನಿಂತು ನೋಡಿದಳು.
ಕಾಲು ಜಾಸ್ತಿ ಉದ್ದ ಮಾಡಿದ್ದೀರಿ, ಅಂದಳು.
ಆಮೇಲೆ ಮೊಣಕಾಲೂರಿ, ನೆಲದ ಮೇಲಿದ್ದ ರಬ್ಬರು ತೆಗೆದು
ಎಡಗೈಯ ಕಿರುಬೆರಳ ತುದಿ ಉಜ್ಜಿದಳು.
ಒಂದು ಗೆಣ್ಣು.
ಹೋಗದೆ ಉಳಿದ ಗೆರೆಯನ್ನು ಮತ್ತೆ ಉಜ್ಜಿದಳು,
ಕಾಗದ ನವೆಯುವ ತನಕ.

ಮಂಗಳವಾರ, ಅಂದಳು. ಯಾವುದೋ ವಾಲ್ವಂತೆ.
ಶನಿವಾರ ಬರುತ್ತಾನೆ. ಇವರಿಗೆ ನಾನಿನ್ನೂ
ಹೇಳಿಲ್ಲ, ಎಫಿ.

ಐವತ್ತನಾಲ್ಕು ಡಾಲರು ಎಣಿಸಿ ಕೊಟ್ಟಳು, ಎರಡು ಸಲ ಎಣಿಸಿ.
ಬೀದಿಯಲ್ಲಿ ಸಮುದ್ರದ ಗಾಳಿ. ಜೇಬಿನಲ್ಲಿ ಕೈ ತೂರಿಸಿ
ನಡೆದೆ. ಮನೆ ಬರುವ ತನಕ ಕೈಗವಸಿನೊಳಗೆ
ಹೆಬ್ಬೆರಳು ಒಂದೊಂದೇ ಬೆರಳನ್ನು
ಮುಟ್ಟಿ ಮುಟ್ಟಿ ನೋಡುತ್ತಿತ್ತು.